ಪುರಾತನ ಫೆಜ್ ಪಟ್ಟಣಕ್ಕೆ ಹೋಗುವವರಿಗೆ ಕೆಲವು ಸೂಚನೆಗಳು



ಆಫ್ರಿಕ ಖಂಡದ ವಾಯವ್ಯ ಮೂಲೆಯಲ್ಲಿರುವ ಮೊರೊಕ್ಕೋ ದೇಶವನ್ನು ನೀವು ಭೂಪಟದಲ್ಲಿ ಗುರುತಿಸಿರುವಿರಿ. ಅಲ್ಲಿಯ ಫೆಜ್ ಪಟ್ಟಣವು 8ನೆಯ ಶತಮಾನದ ಅಂತ್ಯದಲ್ಲಿ ಸ್ಥಾಪಿತವಾಯಿತು. ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಹೆಣ್ಣುಮಕ್ಕಳು ದೂರದೇಶಗಳಿಗೆ ಹೋಗುತ್ತಿರುವ ಈ ಕಾಲದಲ್ಲಿ ಅದನ್ನು ನೋಡುವ ಸಂದರ್ಭವು ನಿಮಗೂ ಒದಗಬಹುದು. ಆದಕಾರಣ ಕೆಲವು ಸೂಚನೆಗಳನ್ನು ಇಲ್ಲಿ ಬರೆದಿದ್ದೇವೆ. ಪುರಾತನ ಪಟ್ಟಣವು ವಸ್ತುಪ್ರದರ್ಶನಾಲಯವಲ್ಲ, ಜನರು ವಾಸಮಾಡುವ ಮನೆ. ಅದರೊಳಗೆ ಅತಿಥಿಗಳಂತೆ ಕಾಲಿಡಬೇಕೆಂಬದೇ ಇವೆಲ್ಲವುಗಳ ಸಾರವು.

ಈ ಪಟ್ಟಣಕ್ಕೂ ನಮ್ಮ ಕರಾವಳಿಗೂ ಒಂದು ಹಳೆಯ ಸಂಬಂಧವುಂಟು. ಮೊರೊಕ್ಕೋ ದೇಶದವನಾದ ಇಬ್ನ್ ಬತೂತನು 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದನು. ಸ್ವದೇಶಕ್ಕೆ ಮರಳಿದ ತರುವಾಯ ಅವನು ಫೆಜ್ಜಿನಲ್ಲಿ ಹೇಳಿ ಬರೆಯಿಸಿದ ಪ್ರವಾಸವೃತ್ತಾಂತವು 1355ರಲ್ಲಿ ಪೂರ್ತಿಯಾಯಿತು. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳಿದ್ದವೆಂದೂ ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಅದರಲ್ಲಿ ಹೇಳಿದ್ದಾನೆ. ಪರಸ್ಥಳದವನು ನಮ್ಮ ಊರಿಗೆ ಬಂದು ಹುಡುಗಿಯರ ಶಾಲೆಗಳನ್ನು ಎಣಿಸಿದನು. ಅವನ ದೇಶಕ್ಕೆ ಹೋಗುವ ನಾವೂ ಅಂಥ ಕಣ್ಣುಗಳಿಂದಲೇ ನೋಡೋಣ.

ಮೊದಲನೆಯದು ದಾರಿ. ಹಳೆಯ ಪಟ್ಟಣದ ಓಣಿಗಳಲ್ಲಿ ಮೋಟಾರುಗಳು ಸಂಚರಿಸಲಾರವು. 1913ರಲ್ಲಿ ಕಟ್ಟಿದ ಬಾಬ್ ಬೂಜಲೂದ್ ಎಂಬ ಹೆಬ್ಬಾಗಿಲು ಹೊರಬದಿಯಲ್ಲಿ ನೀಲಿಯಾಗಿಯೂ ಒಳಬದಿಯಲ್ಲಿ ಹಸುರಾಗಿಯೂ ಇರುವದು. ಅಲ್ಲಿಂದ ತಲಾ ಕಬೀರ, ತಲಾ ಸಗೀರ ಎಂಬ ಎರಡು ಮುಖ್ಯ ಓಣಿಗಳು ಪಟ್ಟಣದ ಮಧ್ಯಕ್ಕೆ ಇಳಿಯುವವು. ದಾರಿ ತಪ್ಪಿದರೆ ಗಾಬರಿಪಡದೆ ಇವುಗಳಲ್ಲೊಂದನ್ನು ಕೇಳಿಕೊಂಡು ಏರುತ್ತಾ ಹೋದರೆ ಹೆಬ್ಬಾಗಿಲು ಸಿಕ್ಕುವದು. ಹಿಂದಿನಿಂದ "ಬಾಲಕ್!" ಎಂಬ ಕೂಗು ಕೇಳಿಸಿದರೆ ಕೂಡಲೇ ಗೋಡೆಯ ಬದಿಗೆ ಸರಿಯಬೇಕು, ಹೇರು ಹೊತ್ತ ಕತ್ತೆಯೋ ಹೇಸರಗತ್ತೆಯೋ ಬರುತ್ತಿರುವದು.

ಎರಡನೆಯದು ಮಾರ್ಗದರ್ಶಕರು. ಸರಕಾರದ ಅನುಮತಿಪತ್ರವುಳ್ಳವರನ್ನೇ ಕರೆದುಕೊಂಡು, ಕೂಲಿಯನ್ನು ಮುಂಚಿತವಾಗಿ ನಿಶ್ಚಯಿಸಬೇಕು. "ಮುಂದೆ ದಾರಿಯಿಲ್ಲ, ನನ್ನೊಡನೆ ಬನ್ನಿರಿ" ಎಂದು ಅಪರಿಚಿತರು ಹೇಳಿದರೆ, "ಲಾ, ಶುಕ್ರನ್", ಅಂದರೆ "ಬೇಡ, ವಂದನೆ" ಎಂದು ಶಾಂತವಾಗಿ ಹೇಳಿ ನಡೆಯಬೇಕು. ಸಂಶಯವಿದ್ದರೆ ಅಂಗಡಿಯವರನ್ನು ಕೇಳಬೇಕು. ಕತ್ತಲಾದ ಮೇಲೆ ನಿರ್ಜನ ಓಣಿಗಳಲ್ಲಿ ಒಂಟಿಯಾಗಿ ತಿರುಗುವದು ಧೈರ್ಯವಲ್ಲ, ಅವಿವೇಕ.

ಮೂರನೆಯದು ಮರ್ಯಾದೆ. ಭುಜವೂ ಮೊಣಕಾಲೂ ಮುಚ್ಚುವ ಉಡುಪು ಯೋಗ್ಯವಾದದ್ದು. ಅಲ್ಲಿಯ ಮಸೀದಿಗಳೊಳಗೆ ಸಾಮಾನ್ಯವಾಗಿ ಅನ್ಯಮತದವರಿಗೆ ಪ್ರವೇಶವಿಲ್ಲ. ಬಾಗಲಲ್ಲೇ ನಿಂತು ನೋಡಿ ತೃಪ್ತಿಪಡಬೇಕು. 1350ರ ದಶಕದಲ್ಲಿ ಮುಗಿದ ಬೂ ಇನಾನಿಯಾ ಎಂಬ ವಿದ್ಯಾಶಾಲೆಯ ಅಂಗಳವನ್ನಾದರೋ ಎಲ್ಲರೂ ನೋಡಬಹುದು. ಅದರ ಮರದ ಕೆತ್ತನೆಯು ಬಹು ಸೊಗಸು. ಕೇಳದೆ ಯಾರ ಛಾಯಾಚಿತ್ರವನ್ನೂ ತೆಗೆಯಬಾರದು. ಶುಕ್ರವಾರ ಅನೇಕ ಅಂಗಡಿಗಳು ಮುಚ್ಚಿರುವದರಿಂದ ವ್ಯಾಪಾರವನ್ನು ಬೇರೆ ದಿವಸಕ್ಕೆ ಇಟ್ಟುಕೊಳ್ಳಿರಿ.

ನಾಲ್ಕನೆಯದು ಹಣ. ಅಲ್ಲಿಯ ನಾಣ್ಯವು ದಿರ್ಹಮು. ದೇಶದ ಹೊರಗೆ ಅದರ ವಿನಿಮಯವು ಕಷ್ಟವಾದ್ದರಿಂದ ಬೇಕಾದಷ್ಟನ್ನೇ ಬದಲಾಯಿಸಿಕೊಳ್ಳಬೇಕು, ಚಿಲ್ಲರೆ ಕೈಯಲ್ಲಿರಬೇಕು. ಚೌಕಾಶಿ ಮಾಡುವದು ಅಲ್ಲಿಯ ರೂಢಿ. ಆದರೆ ಕೊಳ್ಳುವ ಮನಸ್ಸಿಲ್ಲದೆ ಬೆಲೆಯಿಳಿಸಬಾರದು. ಶುವಾರಾ ಎಂಬ ಚರ್ಮ ಹದಮಾಡುವ ಸ್ಥಳವನ್ನು ಸುತ್ತಲಿನ ಚರ್ಮದಂಗಡಿಗಳ ಮಾಳಿಗೆಯಿಂದ ನೋಡಬಹುದು. ಸುಣ್ಣವನ್ನೂ ಪಾರಿವಾಳದ ಹಿಕ್ಕೆಯನ್ನೂ ಉಪಯೋಗಿಸುವದರಿಂದ ದುರ್ಗಂಧವು ವಿಶೇಷ. ಅಂಗಡಿಯವರು ಮೂಸಲು ಪುದೀನದ ಎಲೆಗಳನ್ನು ಕೊಡುವರು. ಕೆಳಗೆ ತೊಟ್ಟಿಗಳಲ್ಲಿ ನಿಂತು ಬಿಸಿಲಲ್ಲಿ ದುಡಿಯುವವರನ್ನು ನೋಡಿ ನಗಬಾರದು. ನಾವು ಮೆಚ್ಚಿ ಕೊಳ್ಳುವ ಚೀಲವು ಅವರ ಶ್ರಮದ ಫಲವಷ್ಟೆ.

ಕಡೆಯದಾಗಿ, ಅಲ್ ಕರಾವಿಯ್ಯೀನ್ ಎಂಬ ಮಸೀದಿಯ ಬಾಗಲ ಮುಂದೆ ಸ್ವಲ್ಪ ಹೊತ್ತು ನಿಲ್ಲಿರಿ. ಫಾತಿಮಾ ಅಲ್ ಫಿಹ್ರಿ ಎಂಬಾಕೆಯು ತಂದೆಯಿಂದ ಬಂದ ಸೊತ್ತನ್ನು ವೆಚ್ಚಮಾಡಿ 859ರಲ್ಲಿ ಅದನ್ನು ಸ್ಥಾಪಿಸಿದಳೆಂದು ಪರಂಪರೆಯು ಹೇಳುವದು. ಅದು ಮುಂದೆ ದೊಡ್ಡ ವಿದ್ಯಾಪೀಠವಾಗಿ ಬೆಳೆದು ಈಗಲೂ ನಡೆಯುತ್ತಲಿದೆ. ಪ್ರವಾಸದಿಂದ ತರುವ ಪದಾರ್ಥಗಳು ಸವೆದುಹೋಗುವವು. ಒಬ್ಬ ಹೆಣ್ಣುಮಗಳು ತನ್ನ ಪಾಲಿಗೆ ಬಂದದ್ದನ್ನು ಹೇಗೆ ಉಪಯೋಗಿಸಬಹುದೆಂಬ ಈ ತಿಳುವಳಿಕೆಯು ಸವೆಯದು.