200 ಡಾಲರಿನ ಆಕ್ಸಲ್, ಅದರ ಬೆನ್ನಿಗೇ ಬರುವ ಬಿಲ್ಲು

ಅಮೆರಿಕದಲ್ಲಿ ಗಿರಾಕಿಯೇ ಪಾನಾ ಹಿಡಿದು ಬಿಚ್ಚಿಕೊಳ್ಳಬೇಕಾದ ಗುಜರಿಗಳಿವೆ. ಬಾಗಿಲಲ್ಲಿ ಒಂದೆರಡು ಡಾಲರ್ ಪ್ರವೇಶ ಶುಲ್ಕ ಕೊಟ್ಟು ಒಳಗೆ ಹೋದರೆ ಚಕ್ರವಿಲ್ಲದ ಕಾರುಗಳ ಉದ್ದುದ್ದ ಸಾಲು. ಇಂಥ ಕಡೆ ಬೆಲೆಪಟ್ಟಿ ನೋಡುವಂತಿರುತ್ತದೆ. ಹಿಂದಿನ ಆಕ್ಸಲ್ ಎಂದರೆ ಸಾಮಾನ್ಯವಾಗಿ ಒಂದೇ ದರ. ಒಳಗೆ ಯಾವ ಗೇರ್ ಇದೆ, ಅದು ಗಟ್ಟಿಯೋ ಲೊಡ್ಡೋ ಎಂದು ಗಲ್ಲಾದವನು ಕೇಳುವುದಿಲ್ಲ. ಕಾಸಿಗೆ ತಕ್ಕ ಕಜ್ಜಾಯ ಎಂಬ ಮಾತು ಆ ಅಂಗಳದಲ್ಲಿ ನಡೆಯದು. ಅಷ್ಟೇ ಕಾಸಿಗೆ ಬಿಸಿಯದೂ ಸಿಗುತ್ತದೆ, ಹಳಸಿದ್ದೂ ಸಿಗುತ್ತದೆ, ಆರಿಸುವವನಿಗೆ ಗೊತ್ತಿರಬೇಕು.

ಫೀನಿಕ್ಸ್‌ನಲ್ಲಿ ನೆಲೆಸಿರುವ ಈ ಅಂಕಣಕಾರನ ಬಳಿ 1990ರ ದಶಕದ ಜೀಪ್ ಚೆರೋಕಿ ಇದೆ. 4 ಲೀಟರಿನ ಎಂಜಿನ್, ಆಟೋಮ್ಯಾಟಿಕ್ ಗೇರು. ಬಂಡೆ ಹತ್ತಲು ಹೇಳಿ ಮಾಡಿಸಿದ ಗಾಡಿ, ಹಿಂದಿನ ಆಕ್ಸಲ್ ಒಂದನ್ನು ಬಿಟ್ಟು. ಕಂಪನಿಯಿಂದ ಬಂದದ್ದು ಡಾನಾ 35. ಅದರ ಕ್ರೌನ್ ವೀಲ್ 7.5 ಇಂಚಿನ ಆಸುಪಾಸು, ಶಾಫ್ಟಿನ ತುದಿಯಲ್ಲಿ 27 ಹಲ್ಲು. ದಿನಸಿ ತರಲು ಧಾರಾಳವಾಯಿತು. 33 ಇಂಚಿನ ಟೈರು ಹಾಕಿ ಬಂಡೆಗಳ ನಡುವೆ ಒಂದು ಚಕ್ರ ಸಿಕ್ಕಿಕೊಂಡಾಗ ಆಕ್ಸಿಲರೇಟರ್ ಒತ್ತಿದರೆ ಮುರಿಯುವುದು ಇದೇ ಶಾಫ್ಟ್. ಆಗ ಊರಿನಿಂದ ದೂರದ ಕಣಿವೆಯಿಂದ ಗಾಡಿ ಎಳೆಸುವ ಖರ್ಚು ಗುಜರಿಯ ಆಕ್ಸಲ್‌ನ ಬೆಲೆಯನ್ನು ಸುಲಭವಾಗಿ ಮೀರುತ್ತದೆ.

ಬದಲಿ ಆಕ್ಸಲ್ ಬೇಕೆಂದಾಗ ಸ್ನೇಹಿತರೆಲ್ಲ ಹೇಳುವ ಹೆಸರು ಡಾನಾ 60. ಒಂದು ಟನ್ನಿನ ಟ್ರಕ್ಕುಗಳ ಆಕ್ಸಲ್ ಅದು. ಗಾಡಿಯ ಭಾರವನ್ನು ಹೌಸಿಂಗ್ ಹೊರುತ್ತದೆ, ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಮುರಿಯುವ ಮಾತೇ ಅಪರೂಪ. ಆದರೆ ಅದರ ಚಕ್ರಕ್ಕೆ 8 ಬೋಲ್ಟು, ಚೆರೋಕಿಯದಕ್ಕೆ 5. ಹಿಂದೆ ಒಂದು ಬಗೆ, ಮುಂದೆ ಒಂದು ಬಗೆ ಆದರೆ ಸ್ಟೆಪ್ನಿ ಯಾವುದಕ್ಕೆ? ಹಾಗಾಗಿ ಮುಂದಿನದೂ ಬದಲಾಗಬೇಕು, ಐದು ಹೊಸ ರಿಮ್ ಬರಬೇಕು, ಅಷ್ಟು ಭಾರದ ಆಕ್ಸಲ್‌ಗೆ 33ರ ಟೈರು ಸಾಲದೆನಿಸಿ 37 ಬರುತ್ತದೆ, ಅದಕ್ಕೆ ತಕ್ಕ ಗೇರು, ಎತ್ತರದ ಸ್ಪ್ರಿಂಗು... ಮನೆಗೆ ಬರುವ ಬಿಲ್ಲಿನಲ್ಲಿ ಆಕ್ಸಲ್‌ನದೇ ಚಿಕ್ಕ ಸಾಲು. ಈ ದಾರಿ ಹಿಡಿದವರ ಗಾಡಿಗಳು ಕೆಲವು ವರ್ಷಗಟ್ಟಲೆ ಗ್ಯಾರೇಜಿನಲ್ಲೇ ಇಟ್ಟಿಗೆಯ ಮೇಲೆ ನಿಂತಿರುವುದನ್ನು ಆತ ಕಂಡಿದ್ದಾನೆ.

ಡಾನಾ 44 ನಡುವಿನ ದಾರಿ. ಚೆರೋಕಿಗೆ ಕಂಪನಿಯೇ ಕೊಟ್ಟದ್ದು 1980ರ ದಶಕದ ಕೊನೆಯ ಕೆಲವು ಗಾಡಿಗಳಲ್ಲಿ ಮಾತ್ರ. ಜೀಪ್ ಪ್ರೇಮಿಗಳೆಲ್ಲ ಅದರ ಹಿಂದೆ ಬಿದ್ದಿರುವುದರಿಂದ ಗುಜರಿಗೆ ಬರುವ ಮೊದಲೇ ಕೈ ಬದಲಾಗಿ, ಹೆಸರಿನ ಬೆಲೆಗೆ ಮಾರಾಟವಾಗುತ್ತದೆ.

ಆ ಹೆಸರಿಗೆ ದುಡ್ಡು ಕೊಡಲೊಲ್ಲದವರಿಗೆ ಒದಗಿದ್ದು ಫೋರ್ಡ್ ಎಕ್ಸ್‌ಪ್ಲೋರರ್. 1990ರ ದಶಕದ ಕೊನೆಗೆ ಈ ಗಾಡಿ ವರ್ಷಕ್ಕೆ ಸುಮಾರು 4 ಲಕ್ಷ ಮಾರಾಟವಾಗುತ್ತಿತ್ತು. 2009ರಲ್ಲಿ ಅಮೆರಿಕ ಸರ್ಕಾರ ಹಳೆ ಕಾರು ಕೊಟ್ಟವರಿಗೆ ಹೊಸದಕ್ಕೆ ಸಹಾಯಧನ ನೀಡಿದಾಗ ಜನ ತಂದು ಒಪ್ಪಿಸಿದ ಗಾಡಿಗಳ ಪಟ್ಟಿಯ ತುದಿಯಲ್ಲಿದ್ದದ್ದೂ ಇದೇ. ನಿಯಮದಂತೆ ಎಂಜಿನ್ನಿಗೆ ಸೋಡಿಯಂ ಸಿಲಿಕೇಟ್ ಸುರಿದು ಕೊಂದರು. ಹಿಂದಿನ ಆಕ್ಸಲ್ ಬಿಚ್ಚಿ ಮಾರಲು ಅಡ್ಡಿಯಿರಲಿಲ್ಲ. ಮಾಲು ಹೇರಳವಾಗಿದ್ದರೆ ಬೆಲೆ ಏರುವುದೆಲ್ಲಿಂದ?

ಮಾಲು ಮಾತ್ರ ಕಳಪೆಯಲ್ಲ. ಕ್ರೌನ್ ವೀಲ್ 8.8 ಇಂಚು, ಡಾನಾ 44ರದು 8.5. ಶಾಫ್ಟಿಗೆ 31 ಹಲ್ಲು, ಅದಕ್ಕೆ 30. ಹೌಸಿಂಗಿನ ಕೊಳವೆ 3.25 ಇಂಚು ದಪ್ಪ. 1995ರಿಂದ 2001ರವರೆಗಿನವುಗಳಲ್ಲಿ ಡಿಸ್ಕ್ ಬ್ರೇಕು. ಚಕ್ರಕ್ಕೆ ಚೆರೋಕಿಯದೇ ಅಳತೆ: 4.5 ಇಂಚಿನ ವೃತ್ತದಲ್ಲಿ 5 ಬೋಲ್ಟು. ಅಗಲದಲ್ಲಿ ಒಂದು ಇಂಚಿನಷ್ಟು ಕಡಿಮೆ, ಅಷ್ಟೆ. ಹಳೆಯ ರಿಮ್ಮು, ಹಳೆಯ ಟೈರು, ಹಳೆಯ ಸ್ಟೆಪ್ನಿ ಹಾಗೆಯೇ ನಡೆಯುತ್ತವೆ. 2002ರಿಂದ ಎಕ್ಸ್‌ಪ್ಲೋರರಿನ ಹಿಂದಿನ ಚಕ್ರಗಳು ಸ್ವತಂತ್ರವಾದವು; ಅವು ಈ ಕೆಲಸಕ್ಕೆ ಬಾರವು.

ಹಣ ಉಳಿಯುವುದು, ಇಲ್ಲವೇ ಸೋರುವುದು, ಗೇರ್ ರೇಶಿಯೋದಲ್ಲಿ. ನಾಲ್ಕೂ ಚಕ್ರ ಎಳೆಯುವಾಗ ಮುಂದಿನ, ಹಿಂದಿನ ಆಕ್ಸಲ್‌ಗಳ ರೇಶಿಯೋ ಒಂದೇ ಇರಬೇಕು. ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸು ಹಾಳು. ಆಟೋಮ್ಯಾಟಿಕ್ ಚೆರೋಕಿಯಲ್ಲಿ ಸಾಮಾನ್ಯವಾಗಿ 3.55, ಮ್ಯಾನ್ಯುಯಲ್‌ನಲ್ಲಿ 3.07. ಎಕ್ಸ್‌ಪ್ಲೋರರಿನ ಡಿಫರೆನ್ಶಿಯಲ್ ಮುಚ್ಚಳದ ಬೋಲ್ಟಿನಡಿ ಒಂದು ತಗಡಿನ ಚೀಟಿ ಇರುತ್ತದೆ. 3.73 ಎಂದಿದ್ದರೆ ಮಾಮೂಲಿ. ಚುಕ್ಕೆಯ ಜಾಗದಲ್ಲಿ ‘ಎಲ್’ ಅಕ್ಷರವಿದ್ದರೆ ಲಿಮಿಟೆಡ್ ಸ್ಲಿಪ್, ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ಹೋಗುವಂಥದ್ದು. ಚೀಟಿ ಬಿದ್ದುಹೋಗಿದ್ದರೆ ಮುಚ್ಚಳ ಬಿಚ್ಚಿ ಹಲ್ಲು ಎಣಿಸಬೇಕು: ಕ್ರೌನಿನಲ್ಲಿ 39, ಪಿನಿಯನ್ನಿನಲ್ಲಿ 11 ಇದ್ದರೆ 3.55, 41 ಇದ್ದರೆ 3.73.

ದೊಡ್ಡ ಟೈರಿಗೆ 3.73 ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೂ ಅಂಕಣಕಾರ ಲಿಮಿಟೆಡ್ ಸ್ಲಿಪ್ ಇದ್ದ ಚೆಂದದ 3.73 ಒಂದನ್ನು ದಾಟಿಹೋಗಿ, ಸಾಲಿನ ಕೊನೆಯಲ್ಲಿದ್ದ 3.55 ಬಿಚ್ಚಿದ. ಮೊದಲನೆಯದನ್ನು ತಂದಿದ್ದರೆ ಮುಂದಿನ ಗೇರನ್ನೂ ಬದಲಿಸಬೇಕಿತ್ತು. ಗೇರ್ ಸೆಟ್ಟು, ಬೇರಿಂಗು, ಕೂರಿಸುವ ಕೂಲಿ ಸೇರಿ ಅದು ಆಕ್ಸಲ್‌ನ ಮೂರ್ನಾಲ್ಕು ಪಟ್ಟು. ಆಕ್ಸಲ್‌ಗೆ ಆತ ತೆತ್ತದ್ದು ಸುಮಾರು 200 ಡಾಲರ್. ಸ್ಪ್ರಿಂಗ್ ಕೂರುವ ಹಳೆಯ ಬ್ರಾಕೆಟ್ ಕತ್ತರಿಸಿ ಹೊಸದನ್ನು ಸರಿಯಾದ ಕೋನಕ್ಕೆ ವೆಲ್ಡ್ ಮಾಡುವುದು, ಕೊಳವೆಗಳನ್ನು ನಡುವಿನ ಎರಕದ ಭಾಗಕ್ಕೆ ಬೆಸೆಯುವುದು, ಪ್ರೊಪೆಲ್ಲರ್ ಶಾಫ್ಟಿಗೆ ಎರಡು ಅಳತೆಯ ಕ್ರಾಸು, ಯು-ಬೋಲ್ಟು, ಬ್ರೇಕ್ ಹೋಸು, ಹ್ಯಾಂಡ್‌ಬ್ರೇಕ್ ಕೇಬಲ್ಲು, ಸೀಲು, ಎಣ್ಣೆ ಎಲ್ಲ ಸೇರಿ ಇನ್ನೂ ಮೂರು ಪಾಲು. ಅಲ್ಲಿಗೆ ಲೆಕ್ಕ ನಿಂತಿತು. ಮರುಭೂಮಿಯ ಊರಾದ್ದರಿಂದ ತುಕ್ಕಿನ ಕಾಟವೂ ಇರಲಿಲ್ಲ. ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್ ಕಡೆಯವರಿಗೆ ಈ ಸುಖವಿಲ್ಲ.

ವಿಷಯ ಕೇಳಿ ಸಕಲೇಶಪುರದಿಂದ ಭಾವಮೈದುನನ ಫೋನು: “ಭಾವ, ನಮ್ಮ ಜೀಪಿಗೂ ಹಿಂಗೇ ಯಾವ್ದಾದ್ರೂ ದಪ್ಪ ಆಕ್ಸಲ್ ಕೂರಿಸಿಬಿಡ್ಲಾ?” ಭಾರತದಲ್ಲಿ ಲೆಕ್ಕ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯುವುದು ಬೇರೆ. ಎಸ್ಟೇಟಿನ ಹಾದಿಗೆ ಇರುವ ಆಕ್ಸಲ್ ಸಾಕು ಎಂದು ಫೋನಿಟ್ಟ.

ಅಮೆರಿಕದಲ್ಲಿರುವ ಚೆರೋಕಿ ಮಾಲೀಕರಿಗೆ ಇಷ್ಟು: 31 ಇಂಚಿನ ಟೈರಿಗೇ ನಿಲ್ಲುವವರು ಎಕ್ಸ್‌ಪ್ಲೋರರ್ ಕಡೆ ನೋಡುವುದೂ ಬೇಡ. 1997ರ ನಂತರದ ಚೆರೋಕಿಗಳಲ್ಲೇ ಸಿಗುವ ಕ್ರೈಸ್ಲರ್ 8.25 ಆಕ್ಸಲ್‌ಗೆ 29 ಹಲ್ಲಿನ ಶಾಫ್ಟಿದೆ, ವೆಲ್ಡಿಂಗ್ ಇಲ್ಲದೆ ಕೂರುತ್ತದೆ, ರೇಶಿಯೋ ನೋಡಿಕೊಂಡರಾಯಿತು. 33ಕ್ಕೆ ಹೋಗುವವರಿಗೆ 8.8. ಎರಡಕ್ಕೂ ಗಲ್ಲಾದಲ್ಲಿ ದುಡ್ಡು ಕೊಡುವ ಮುನ್ನ ದರ ಡಿಸ್ಕಿನಿಂದ ಡಿಸ್ಕಿಗೆ, ಡ್ರಮ್ಮಿನಿಂದ ಡ್ರಮ್ಮಿಗೆ ಸೇರಿಯೋ ಎಂದು ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳಿ. ಕೆಲವು ಗುಜರಿಗಳು ಬ್ರೇಕಿಗೆ ಪ್ರತ್ಯೇಕ ದರ ಹಾಕುತ್ತವೆ.