ಗಾಯಕ್ಕೆ ಸೊಪ್ಪು: ಮೊದಲು ನೀರು, ಆಮೇಲೆ ಎಲೆ

ಹಳಿಯಾಳದ ಕಬ್ಬಿನ ಕಟಾವು, ಮುಂಡಗೋಡದ ಭತ್ತದ ಕೊಯ್ಲು, ಜೋಯಿಡಾದ ಸೊಪ್ಪು-ಸೌದೆ, ದಾಂಡೇಲಿ ಸುತ್ತಲಿನ ಕಾಡಂಚಿನ ಕೆಲಸ. ಕತ್ತಿ-ಕುಡಗೋಲು ಹಿಡಿಯುವ ಕೈಗೆ ಗಾಯ ತಪ್ಪಿದ್ದಲ್ಲ. ಇಲ್ಲಿನ ಸಿದ್ದಿ, ಕುಣಬಿ, ಗೌಳಿ ಮನೆಗಳ ಹಿರಿಯರು ಯಾವ ಗಾಯಕ್ಕೆ ಯಾವ ಸೊಪ್ಪು ಎಂಬುದನ್ನು ಬಲ್ಲವರು. ಸಿದ್ದಿಗಳ ಸಸ್ಯವೈದ್ಯ 1995ರಲ್ಲಿ, ಕುಣಬಿಗಳದ್ದು 2002ರಲ್ಲಿ ಸಂಶೋಧನಾ ಪತ್ರಿಕೆಗಳಲ್ಲಿ ದಾಖಲಾಗಿವೆ. ಈ ತಿಳಿವಳಿಕೆ ಉಳಿಯಬೇಕು. ಅದರ ಜೊತೆಗೆ, ಅದರ ಮಿತಿಯೂ ನಮಗೆ ಗೊತ್ತಿರಬೇಕು.

1. ಗಾಯ ಎಂಥದ್ದು, ನೋಡಿ
ತರಚು, ಮೇಲ್ಮೈಯ ಸಣ್ಣ ಕೊಯ್ತ, ಹಿಮ್ಮಡಿ ಒಡಕು ಇಷ್ಟಕ್ಕೇ ಮನೆಮದ್ದು. ಆಳದ ಗಾಯ, ತುಕ್ಕು ಹಿಡಿದ ಮೊಳೆ ಚುಚ್ಚಿದ್ದು, ದೊಡ್ಡ ಸುಟ್ಟಗಾಯ, ಕರಡಿ ಪರಚಿದ್ದು, ಹಾವು ಕಚ್ಚಿದ್ದಕ್ಕೆ ಸೊಪ್ಪು ಹುಡುಕುತ್ತ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ರೇಬಿಸ್ ಲಸಿಕೆಗೆ ಹೋಗಿ.

2. ತೊಳೆಯಿರಿ, ಒತ್ತಿ ಹಿಡಿಯಿರಿ
ಮೊದಲು ನಿಮ್ಮ ಕೈ, ಆಮೇಲೆ ಗಾಯ. ಮಣ್ಣು, ಸಿಬಿರು ಉಳಿಯದಂತೆ ಶುದ್ಧ ನೀರಿನಲ್ಲಿ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ಹಿಡಿಯಿರಿ. 10 ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ ಹೊಲಿಗೆ ಬೇಕೆಂದೇ ಲೆಕ್ಕ.

3. ಸೊಪ್ಪನ್ನು ಸರಿಯಾಗಿ ಗುರುತಿಸಿ
*ಜಯಂತಿ ಸೊಪ್ಪು (ಗಬ್ಬು ಶಾವಂತಿ):* ಗದ್ದೆ ಬದುವಿನಲ್ಲಿ ನೆಲಕ್ಕೆ ಹರಡುತ್ತದೆ. ಎಲೆ ಒರಟು, ಅಂಚು ಗರಗಸದಂತೆ. ಉದ್ದನೆಯ ಒಂಟಿ ತೊಟ್ಟಿನ ತುದಿಯಲ್ಲಿ ಒಂದೇ ಹೂವು. ನಡುವೆ ಹಳದಿ, ಸುತ್ತ ತುದಿ ಸೀಳಿದ ಬಿಳಿಚು ದಳಗಳು. ಎಲೆ ಹಿಂಡಿದ ರಸವನ್ನು ಹಸಿ ತರಚಿಗೆ ಹಾಕುವುದು ರೂಢಿ.

*ಕಮ್ಯುನಿಸ್ಟ್ ಗಿಡ (ಯುಪಟೋರಿಯಂ):* ಎಲೆಯ ಬುಡದಿಂದ ಮೂರು ನರಗಳು ತ್ರಿಶೂಲದಂತೆ ಕವಲೊಡೆಯುತ್ತವೆ, ಹೊಸಕಿದರೆ ಕಟುವಾಸನೆ. ರಕ್ತ ನಿಲ್ಲಿಸುವುದಕ್ಕೆ ಹೆಸರಾದ ಕಳೆ. ವಿಯೆಟ್ನಾಂನಲ್ಲಿ ಇದರ ಸಾರದಿಂದ ಗಾಯದ ಔಷಧಿಯನ್ನೇ ತಯಾರಿಸಿದ್ದಾರೆ. ಈ ಎರಡೂ ಗಿಡಗಳ ತವರು ಅಮೆರಿಕ ಖಂಡದ ಉಷ್ಣವಲಯ. ಹೊರಗಿನಿಂದ ಬಂದ ಕಳೆಯನ್ನೂ ಪರೀಕ್ಷಿಸಿ ಮದ್ದಾಗಿಸಿಕೊಂಡ ನಮ್ಮ ಜನರ ಜಾಣ್ಮೆ ದೊಡ್ಡದು.

*ಲೋಳೆಸರ:* ಸಣ್ಣ ಸುಟ್ಟಗಾಯವನ್ನು 20 ನಿಮಿಷ ತಣ್ಣೀರಿಗೆ ಹಿಡಿದ ಮೇಲೆ, ಎಲೆ ಕೊಯ್ದಾಗ ಜಿನುಗುವ ಹಳದಿ ರಸ ಬಸಿದು, ಒಳಗಿನ ತಿಳಿ ಲೋಳೆಯನ್ನಷ್ಟೇ ಹಚ್ಚಿ.

*ಮುರುಗಲು ಎಣ್ಣೆ:* ಮುರುಗಲು ಬೀಜ ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ, ಆರಿದಾಗ ಗಟ್ಟಿಯಾಗುತ್ತದೆ. ಆ ಉಂಡೆಯನ್ನು ತುಸು ಬಿಸಿಗೆ ಕರಗಿಸಿ, ತೊಳೆದು ಒರೆಸಿದ ಹಿಮ್ಮಡಿಗೆ ರಾತ್ರಿ ಸವರಿ.

4. ಹಚ್ಚುವ ಕ್ರಮ
ದಾರಿ ಬದಿಯ, ಔಷಧಿ ಸಿಂಪಡಿಸಿದ ಹೊಲದ ಸೊಪ್ಪು ಬೇಡ. ಕುದಿಸಿ ಆರಿಸಿದ ನೀರಿನಲ್ಲಿ ಎಳೆ ಎಲೆಗಳನ್ನು ತೊಳೆದು, ತೊಳೆದ ಕಲ್ಲಿನಲ್ಲಿ ಜಜ್ಜಿ, ಶುದ್ಧ ಬಟ್ಟೆಯಲ್ಲಿ ಹಿಂಡಿ. ಬಾಯಲ್ಲಿ ಅಗಿದು ಹಚ್ಚುವುದು ಬೇಡವೇ ಬೇಡ. ಮೊದಲು ಮುಂಗೈ ಚರ್ಮಕ್ಕೆ ಒಂದು ಹನಿ ಹಾಕಿ ನೋಡಿ, ತುರಿಸಿದರೆ ಬಿಡಿ. ಅರಿಶಿಣ ಬಳಸುವುದಾದರೆ ಮನೆಯಲ್ಲೇ ಪುಡಿ ಮಾಡಿದ್ದಿರಲಿ. ಬಟ್ಟೆ ಸಡಿಲವಾಗಿ ಕಟ್ಟಿ, ದಿನವೂ ಬದಲಿಸಿ. ಸಗಣಿ, ಬೂದಿ, ಕಾಫಿಪುಡಿ, ಟೂತ್‌ಪೇಸ್ಟ್ ಗಾಯಕ್ಕೆ ತಾಗಿಸಬೇಡಿ.

5. ಇವುಗಳಿಂದ ದೂರವಿರಿ
ಕಾಡಿನ ಹೊಳೆಗೇರು, ಬಿಬ್ಬಾ ಮರಗಳ ರಸ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ. ಗೊತ್ತಿಲ್ಲದ ಮರದ ಹಾಲನ್ನು ಗಾಯಕ್ಕೆ ಹಚ್ಚಬೇಡಿ.

6. ಆಸ್ಪತ್ರೆಗೆ ಯಾವಾಗ?
ಊತ, ಕೀವು, ಜ್ವರ, ಗಾಯದಿಂದ ಮೇಲಕ್ಕೆ ಹರಡುವ ಕೆಂಪು ಕಂಡರೆ ತಡಮಾಡಬೇಡಿ. ಎರಡು ವಾರದಲ್ಲಿ ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರು ಕಾಲಿನ ಗಾಯಕ್ಕೆ ಮನೆಮದ್ದು ಮಾಡಲೇಬಾರದು. ಮಣ್ಣು ತಾಗಿದ ಗಾಯವಾಗಿ, ಧನುರ್ವಾಯು ಲಸಿಕೆ ಪಡೆದು ಐದು ವರ್ಷ ಕಳೆದಿದ್ದರೆ ಮತ್ತೆ ಹಾಕಿಸಿಕೊಳ್ಳಿ.

7. ಹಿತ್ತಲಲ್ಲಿ ಬೆಳೆಸಿ
ಮತ್ತಿ, ಹೊನ್ನೆ ಮರಗಳ ತೊಗಟೆಯೂ ಗಾಯದ ಮದ್ದೇ. ಆದರೆ ಸುತ್ತಲೂ ತೊಗಟೆ ಸುಲಿದ ಮರ ಸಾಯುತ್ತದೆ; ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅದು ಅಪರಾಧ ಕೂಡ. ಅದರ ಬದಲು, ಬಚ್ಚಲ ನೀರು ಹರಿಯುವ ಕಡೆ ಅರಿಶಿಣ, ಬಿಸಿಲಲ್ಲಿ ಲೋಳೆಸರ ನೆಡಿ. ಬದುವಿನ ಜಯಂತಿಯನ್ನು ಪೂರ್ತಿ ಕಿತ್ತೆಸೆಯಬೇಡಿ. ಮನೆಯ ಹಿರಿಯರ ಜೊತೆ ಮಕ್ಕಳನ್ನು ಕೂರಿಸಿ ಒಂದೊಂದು ಗಿಡದ ಹೆಸರು, ಎಲೆಯ ಗುರುತು, ಬಳಸುವ ಕ್ರಮವನ್ನು ನೋಟ್‌ಬುಕ್ಕಿನಲ್ಲಿ ಬರೆಸಿಡಿ.