ಟೊರಾಂಟೊದ ಹಿಮಗಾಲ: ಮನೆಯೊಳಗೆ, ಬಾಗಿಲಲ್ಲಿ, ಬೀದಿಯಲ್ಲಿ

ಕೆನಡಾದ ಟೊರಾಂಟೊ ಮತ್ತು ಅದಕ್ಕೆ ಅಂಟಿಕೊಂಡಂತಿರುವ ಮಿಸಿಸಾಗ, ಬ್ರ್ಯಾಂಪ್ಟನ್ ಊರುಗಳಲ್ಲಿ ನವೆಂಬರ್ ನಡುವಿನಿಂದ ಏಪ್ರಿಲ್ ಮೊದಲ ವಾರದವರೆಗೆ ಯಾವ ದಿನವಾದರೂ ಹಿಮ ಬೀಳಬಹುದು. ಜನವರಿ, ಫೆಬ್ರವರಿಯಲ್ಲಿ ಚಳಿ ಗಟ್ಟಿ. ಹಗಲಲ್ಲಿ ಸೊನ್ನೆಯ ಆಸುಪಾಸು, ರಾತ್ರಿ ಮೈನಸ್ 7–8 ಡಿಗ್ರಿ ಮಾಮೂಲು. ಚಳಿ ಬಿಗಿಯಾದ ವರ್ಷಗಳಲ್ಲಿ ಮೈನಸ್ 20ಕ್ಕೂ ಇಳಿಯುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದಾಗುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ಶಾಲೆ ಬಿಟ್ಟು ಬಂದ ಮಗು ತಿಂಡಿ ತಿಂದು ಏಳುವಷ್ಟರಲ್ಲಿ ಹೊರಗೆ ಕತ್ತಲು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹೊಸದಾಗಿ ಬಂದ ಕುಟುಂಬಗಳು ಮೊದಲ ವರ್ಷ ಬಾಗಿಲು ಹಾಕಿಕೊಂಡು ವಸಂತಕ್ಕಾಗಿ ಕಾಯುವುದುಂಟು. ಐದು ತಿಂಗಳು ಹಾಗೆ ಕಾಯುವುದು ದೊಡ್ಡವರಿಗೇ ಕಷ್ಟ, ಮಕ್ಕಳಿಂದಂತೂ ಆಗದ ಮಾತು. ದಿನಕ್ಕೆ ಅರ್ಧ ಗಂಟೆ ಹೊರಗಿನ ಗಾಳಿ, ವಾರಕ್ಕೊಂದು ಸಣ್ಣ ತಿರುಗಾಟ ಎಂದು ಇಟ್ಟುಕೊಂಡರೆ ಈ ಕಾಲ ಹಗುರವಾಗಿ ಕಳೆಯುತ್ತದೆ. ಅದಕ್ಕೆ ಬೇಕಾದ ಸಿದ್ಧತೆ ಅಕ್ಟೋಬರಿನಲ್ಲೇ ಶುರುವಾಗಬೇಕು.

ಬಟ್ಟೆಯ ಲೆಕ್ಕಾಚಾರ

ಒಂದೇ ದಪ್ಪ ಕೋಟಿಗಿಂತ ಮೂರು ಪದರ ಮೇಲು. ಮೈಗೆ ತಾಗುವ ಪದರ ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆಯ ಥರ್ಮಲ್ ಆಗಿರಲಿ. ನಡುವಿನದು ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್. ಹೊರಗಿನದು ಗಾಳಿ, ನೀರು ಎರಡನ್ನೂ ತಡೆಯುವ ಜಾಕೆಟ್. ನಮ್ಮ ಊರಿನ ಸೆಕೆಗೆ ಒಗ್ಗಿದ ಹತ್ತಿಯ ಬನಿಯನ್ನನ್ನು ಇಲ್ಲಿ ಒಳಪದರವಾಗಿ ಹಾಕಬಾರದು. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಓಡಿ ಆಡುವಾಗ ಬೆಚ್ಚಗಿದ್ದ ಮಗು ನಿಂತ ಕೂಡಲೇ, ಒದ್ದೆ ಬಟ್ಟೆ ಮೈಯ ಕಾವನ್ನು ಎಳೆದುಕೊಳ್ಳುವುದರಿಂದ, ನಡುಗಲು ಶುರುಮಾಡುತ್ತದೆ.

ಹಣ ಹಾಕಬೇಕಾದ್ದು ಬೂಟಿಗೆ ಮತ್ತು ಕೈಗವಸಿಗೆ. ಜಾಕೆಟ್, ಸ್ನೋ ಪ್ಯಾಂಟ್‌ಗಳನ್ನು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಕೊಂಡರೆ ಏನೂ ಕೊರತೆಯಿಲ್ಲ. ಮಕ್ಕಳು ಒಂದೇ ವರ್ಷದಲ್ಲಿ ಬೆಳೆದುಬಿಡುವುದರಿಂದ ಅಲ್ಲಿ ಸಿಗುವ ಬಟ್ಟೆ ಬಹುಪಾಲು ಹೊಸದರಂತೆಯೇ ಇರುತ್ತದೆ. ಬೂಟು ಮಾತ್ರ ಅಳತೆ ನೋಡಿಯೇ ಆಗಬೇಕು. ಒಂದು ದಪ್ಪ ಕಾಲುಚೀಲ ಹಾಕಿದ ಮೇಲೂ ಒಳಗೆ ಬೆರಳಾಡಿಸಲು ಜಾಗವಿರಬೇಕು. ಬಿಗಿ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತದ ಓಟ ತಗ್ಗಿ, ಬೆಚ್ಚಗಿಡುವ ಗಾಳಿಯ ಪದರವೂ ಇಲ್ಲವಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಕೈಗೆ ಐದು ಬೆರಳಿನ ಗ್ಲೌಸಿಗಿಂತ ನಾಲ್ಕು ಬೆರಳೂ ಒಂದೇ ಚೀಲದಲ್ಲಿ ಇರುವ ಮಿಟನ್ ಹೆಚ್ಚು ಬೆಚ್ಚಗೆ. ಅದನ್ನು ಎರಡು ಜೊತೆ ಕೊಳ್ಳಬೇಕು. ಒಂದು ಜೊತೆ ಸದಾ ಒದ್ದೆಯಾಗಿ ಹೀಟರ್ ಪಕ್ಕದಲ್ಲಿರುತ್ತದೆ.

ಕತ್ತಿನ ಸುತ್ತ ಇಳಿಬಿಟ್ಟ ಮಫ್ಲರ್ ಜಾರುಬಂಡಿಗೋ ಉಯ್ಯಾಲೆಗೋ ಸಿಕ್ಕಿ ಬಿಗಿಯುವ ಅಪಾಯವಿದೆ. ಮಕ್ಕಳಿಗೆ ತಲೆಯಿಂದ ಇಳಿಸುವ ನೆಕ್ ವಾರ್ಮರ್ ಸಾಕು. ಟೋಪಿ, ಮಿಟನ್, ಬೂಟು ಎಲ್ಲದರ ಮೇಲೂ ಹೆಸರು ಬರೆದಿರಲಿ. ತರಗತಿಯ ಗೂಟಗಳಲ್ಲಿ ಒಂದೇ ಥರದ ಕಪ್ಪು ಮಿಟನ್‌ಗಳು ಹತ್ತಾರು ಇರುತ್ತವೆ. ಶಾಲೆಯೊಳಗೆ ಹಾಕಿಕೊಳ್ಳಲು ಬೇರೆ ಒಣ ಶೂ ಒಂದು ಜೊತೆ ಬೇಕು.

ಬಾಗಿಲ ಬಳಿಯ ಹತ್ತು ನಿಮಿಷ

ಹಿಮಗಾಲದ ದಿನ ಸಲೀಸಾಗುವುದೋ ಕೆಡುವುದೋ ಬಾಗಿಲ ಬಳಿಯೇ ತೀರ್ಮಾನವಾಗುತ್ತದೆ. ಮಗುವನ್ನು ಪೂರ್ತಿ ಕಟ್ಟಿ ನಿಲ್ಲಿಸಿ, ಆಮೇಲೆ ದೊಡ್ಡವರು ತಮ್ಮ ಬೂಟು ಹುಡುಕತೊಡಗಿದರೆ 21 ಡಿಗ್ರಿಯ ಮನೆಯಲ್ಲಿ ಅದು ಬೆವರಿ ಅಳಲು ಶುರುಮಾಡುತ್ತದೆ. ಆ ಬೆವರಿನ ಸಮೇತ ಹೊರಗೆ ಹೋದರೆ ಚಳಿ ಬೇಗ ಹಿಡಿಯುತ್ತದೆ. ಆದ್ದರಿಂದ ಮೊದಲು ದೊಡ್ಡವರು ಜಾಕೆಟ್ ಒಂದನ್ನು ಬಿಟ್ಟು ಉಳಿದೆಲ್ಲ ಹಾಕಿಕೊಂಡಿರಬೇಕು.

ಮಗುವಿನ ಸರದಿ ಶೌಚಾಲಯದಿಂದ ಶುರು. ಎಲ್ಲ ಪದರ ಹಾಕಿದ ಮೇಲೆ ಮಗು ಉಚ್ಚೆ ಎಂದರೆ ಅಷ್ಟನ್ನೂ ಬಿಚ್ಚಬೇಕು. ಆಮೇಲೆ ಸ್ನೋ ಪ್ಯಾಂಟ್, ಅದರ ನಂತರ ಬೂಟು. ಪ್ಯಾಂಟಿನ ಕಾಲ ತುದಿಯಲ್ಲಿ ಒಳಗಡೆ ಎಲಾಸ್ಟಿಕ್ ಪಟ್ಟಿಯೊಂದಿರುತ್ತದೆ. ಅದನ್ನು ಬೂಟಿನ ಮೇಲಕ್ಕೆ ಎಳೆದರೆ ಹಿಮ ಒಳಗೆ ಇಳಿಯುವುದಿಲ್ಲ. ಬೂಟನ್ನು ಜಾಕೆಟ್ಟಿಗೆ ಮೊದಲೇ ಹಾಕಬೇಕು, ಯಾಕೆಂದರೆ ಜಾಕೆಟ್ ಹಾಕಿದ ಮಗುವಿಗೆ ಬಗ್ಗಲು ಆಗುವುದಿಲ್ಲ. ಮುಂದೆ ನೆಕ್ ವಾರ್ಮರ್, ಜಾಕೆಟ್, ಟೋಪಿ. ಮಿಟನ್‌ನ ಕೊರಳು ಗಿಡ್ಡವಾಗಿದ್ದರೆ ಜಾಕೆಟ್ಟಿಗೆ ಮುಂಚೆ ಹಾಕಿ ತೋಳಿನ ಒಳಗೆ ಸೇರಿಸಬೇಕು. ಉದ್ದವಾಗಿದ್ದರೆ ಕೊನೆಗೆ ಹಾಕಿ ತೋಳಿನ ಮೇಲೆ ಬಿಗಿಯಬೇಕು. ಮಣಿಕಟ್ಟು ಕಾಣಬಾರದು ಎಂಬುದೇ ಮುಖ್ಯ.

ಮೂರು–ನಾಲ್ಕು ವರ್ಷದ ಮಗು ಜಾಕೆಟ್ಟನ್ನು ತಾನೇ ಹಾಕಿಕೊಳ್ಳಲು ಇಲ್ಲಿನ ಶಿಶುವಿಹಾರಗಳಲ್ಲಿ ಒಂದು ಉಪಾಯ ಕಲಿಸುತ್ತಾರೆ. ಜಾಕೆಟ್ಟನ್ನು ಜಿಪ್ ಬಿಚ್ಚಿ, ಒಳಭಾಗ ಮೇಲಾಗಿ ನೆಲದ ಮೇಲೆ ಹರಡಬೇಕು. ಕಾಲರ್ ಮಗುವಿನ ಪಾದದ ಬಳಿ ಇರಬೇಕು. ಮಗು ಬಗ್ಗಿ ಎರಡೂ ಕೈ ತೋಳುಗಳೊಳಗೆ ತೂರಿಸಿ, ಕೈ ಮೇಲೆತ್ತಿ ತಲೆಯ ಹಿಂದಕ್ಕೆ ಹಾರಿಸಿದರೆ ಜಾಕೆಟ್ ಸರಿಯಾಗಿ ಬೆನ್ನ ಮೇಲೆ ಕೂರುತ್ತದೆ. ಮೊದಲ ಸಲ ಇದು ಕೈಗೂಡಿದಾಗ ಮಗುವಿನ ಮುಖ ಅರಳುವುದನ್ನು ನೋಡಬೇಕು.

ಕಾರಿನಲ್ಲಿ ಹೋಗುವುದಾದರೆ ಈ ಜಾಕೆಟ್ಟನ್ನು ಮತ್ತೆ ತೆಗೆಯಬೇಕಾಗುತ್ತದೆ. ಉಬ್ಬಿದ ಜಾಕೆಟ್ಟಿನ ಮೇಲೆ ಚೈಲ್ಡ್ ಸೀಟಿನ ಬೆಲ್ಟ್ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ, ಅಷ್ಟೆ. ಡಿಕ್ಕಿಯಾದಾಗ ಜಾಕೆಟ್ ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ, ಮಗು ಜಾರಿಹೋಗಬಹುದು. ಫ್ಲೀಸ್ ಮೇಲೆಯೇ ಬೆಲ್ಟ್ ಬಿಗಿದು, ಜಾಕೆಟ್ಟನ್ನು ಮುಂದಿನಿಂದ ಹೊದಿಸಬೇಕು. ಇದರಲ್ಲಿ ರಿಯಾಯಿತಿ ಬೇಡ.

ಮನೆಯೊಳಗಿನ ಒಣಹವೆ

ಮನೆಯನ್ನು ಬೆಚ್ಚಗಿಡುವ ಫರ್ನೇಸ್ ಹಗಲಿರುಳು ಉರಿಯುವುದರಿಂದ ಒಳಗಿನ ಗಾಳಿ ಒಣಗುತ್ತದೆ. ತುಟಿ ಬಿರಿಯುತ್ತದೆ, ಕೈಕಾಲು ಬೂದಿ ಬಳಿದಂತಾಗುತ್ತದೆ, ಕೆಲವು ಮಕ್ಕಳಿಗೆ ರಾತ್ರಿ ಮೂಗಿನಿಂದ ರಕ್ತ ಬರುವುದೂ ಉಂಟು. ಮನೆಯ ತೇವಾಂಶ ಶೇ 30ರಿಂದ 40ರ ನಡುವೆ ಇದ್ದರೆ ಒಳ್ಳೆಯದು. ಅದಕ್ಕೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಬೇಕಾಗಬಹುದು. ಕಿಟಕಿಯ ಗಾಜಿನ ಮೇಲೆ ನೀರು ಹನಿಗಟ್ಟಿ ಇಳಿಯತೊಡಗಿದರೆ ತೇವ ಹೆಚ್ಚಾಯಿತೆಂದು ಅರ್ಥ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವುದರಿಂದ ಬಾಟಲಿಯಲ್ಲಿ ಇಡೀ ಚಳಿಗಾಲ ಕಲ್ಲಾಗಿಯೇ ಇರುತ್ತದೆ. ಅಗಲ ಬಾಯಿಯ ಡಬ್ಬಿಗೆ ಹಾಕಿಟ್ಟು, ಸ್ನಾನವಾದ ಕೂಡಲೇ ಅಂಗೈಯಲ್ಲಿ ಕರಗಿಸಿ ಹಚ್ಚುವುದು ಸುಲಭ.

ದೋಸೆ ಹಿಟ್ಟು ಹುದುಗದಿರುವುದು ಇಲ್ಲಿನ ಕನ್ನಡ ಮನೆಗಳ ದೊಡ್ಡ ಚಿಂತೆ. ರುಬ್ಬಿದ ಹಿಟ್ಟಿನ ಪಾತ್ರೆಯನ್ನು ಓವನ್ನಿನೊಳಗಿಟ್ಟು, ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಉರಿಸಿಟ್ಟರೆ ಆ ಸಣ್ಣ ಕಾವಿಗೇ ಬೆಳಗಾಗುವಷ್ಟರಲ್ಲಿ ಹಿಟ್ಟು ಉಬ್ಬಿರುತ್ತದೆ. ಹುದುಗುವಾಗ ಉಕ್ಕುವುದರಿಂದ ಪಾತ್ರೆಯ ಅಡಿಗೆ ಒಂದು ತಟ್ಟೆ ಇರಲಿ. ಓವನ್ ಬಾಗಿಲಿಗೆ ‘ಒಳಗೆ ಹಿಟ್ಟಿದೆ’ ಎಂಬ ಚೀಟಿಯನ್ನೂ ಅಂಟಿಸಬೇಕು. ಮರೆತು ಯಾರೋ ಓವನ್ ಹಚ್ಚಿಬಿಟ್ಟಾರು. ಮೊಸರಿಗೂ ಇದೇ ಜಾಗ.

ಬಿಸಿಲು ಕಡಿಮೆಯಾದ ಈ ಕಾಲದಲ್ಲಿ ವಿಟಮಿನ್ ಡಿ ನೆನಪಿರಲಿ: ಎದೆಹಾಲು ಕುಡಿಯುವ ಶಿಶುಗಳಿಗೆ ದಿನಕ್ಕೆ 400 ಐಯು ವಿಟಮಿನ್ ಡಿ ಹನಿ ಕೊಡಬೇಕೆಂದು ಕೆನಡಾದ ಆರೋಗ್ಯ ಇಲಾಖೆಯ ಸಲಹೆಯಿದೆ. ದೊಡ್ಡವರು ಎಷ್ಟು ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳುವುದು ಲೇಸು.

ಭಾರಿ ಹಿಮ ಬಿದ್ದ ಮರುದಿನ ಮನೆಯ ಹೊರಗೋಡೆಯಲ್ಲಿರುವ ಫರ್ನೇಸಿನ ಕೊಳವೆಗಳ ಬಾಯಿಗೆ ಹಿಮ ಕಟ್ಟಿದೆಯೇ ಎಂದು ನೋಡಿ ತೆಗೆಯಬೇಕು. ಅದು ಮುಚ್ಚಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಸೇರಬಹುದು. ಆ ಅನಿಲ ಪತ್ತೆಮಾಡುವ ಅಲಾರಂನ ಬ್ಯಾಟರಿಯನ್ನೂ ನೋಡಿಕೊಳ್ಳಬೇಕು. ಕರೆಂಟು ಹೋಯಿತೆಂದು ಇದ್ದಿಲ ಒಲೆಯನ್ನಾಗಲಿ, ಬಾರ್ಬೆಕ್ಯೂ ಒಲೆಯನ್ನಾಗಲಿ ಮನೆಯೊಳಗೆ ಹಚ್ಚಲೇಬಾರದು.

ಅಂಗಳದ ಹಿಮ

ಹಿಮವನ್ನು ಎತ್ತುವುದಕ್ಕಿಂತ ಸಲಿಕೆಯಿಂದ ತಳ್ಳಿ ಬದಿಗೆ ಸರಿಸುವುದು ಸರಿಯಾದ ಕ್ರಮ. ಬೀಳುತ್ತಿರುವಾಗಲೇ ಎರಡು ಮೂರು ಸಲ ತೆಗೆದರೆ ಹಗುರ. ರಾತ್ರಿಯಿಡೀ ಬಿಟ್ಟರೆ ಗಟ್ಟಿಯಾಗುತ್ತದೆ. ಸೊನ್ನೆಯ ಹತ್ತಿರ ಬೀಳುವ ಒದ್ದೆ ಹಿಮ ತುಂಬ ಭಾರ. ಹೃದಯದ ತೊಂದರೆಯಿರುವವರು, ಊರಿಂದ ಬಂದ ವಯಸ್ಸಾದ ತಂದೆತಾಯಿ ಇದಕ್ಕೆ ಕೈಹಾಕುವುದು ಬೇಡ. ಕಲ್ಲುಪ್ಪು ಮೈನಸ್ 10ಕ್ಕಿಂತ ಕೆಳಗೆ ಅಷ್ಟಾಗಿ ಕೆಲಸ ಮಾಡದು. ಅಂಥ ದಿನ ಮೆಟ್ಟಿಲ ಮೇಲೆ ಮರಳು ಚೆಲ್ಲಿದರೆ ಕಾಲಿಗೆ ಹಿಡಿತ ಸಿಗುತ್ತದೆ. ಬೂಟಿನ ಮೇಲೆ ಉಪ್ಪಿನ ಬಿಳಿ ಕಲೆ ಉಳಿದರೆ ವಿನಿಗರ್ ಬೆರೆಸಿದ ನೀರಿನಲ್ಲಿ ಒರೆಸಿದರೆ ಹೋಗುತ್ತದೆ.

ಹೊರಡುವ ಮುನ್ನ ನೋಡಬೇಕಾದ ಅಂಕಿ

ಹವಾಮಾನ ವರದಿಯಲ್ಲಿ ತಾಪಮಾನದ ಜೊತೆಗೆ ‘ವಿಂಡ್ ಚಿಲ್’ ಎಂಬ ಇನ್ನೊಂದು ಅಂಕಿ ಇರುತ್ತದೆ. ಗಾಳಿ ಮೈಯ ಸುತ್ತಲಿನ ಬೆಚ್ಚನೆಯ ಪದರವನ್ನು ಹಾರಿಸಿಕೊಂಡು ಹೋಗುವುದರಿಂದ ಚರ್ಮಕ್ಕೆ ಎಷ್ಟು ಚಳಿ ತಟ್ಟುತ್ತದೆ ಎಂಬುದನ್ನು ಅದು ಹೇಳುತ್ತದೆ. ಮೈನಸ್ 10ರವರೆಗೆ ಸರಿಯಾದ ಬಟ್ಟೆಯಲ್ಲಿ ಮಕ್ಕಳು ಖುಷಿಯಾಗಿ ಆಡಬಹುದು. ಮೈನಸ್ 20ರ ಹತ್ತಿರ ಬಂದರೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಳಗೆ ಕರೆತರಬೇಕು. ವಿಂಡ್ ಚಿಲ್ ಮೈನಸ್ 28ಕ್ಕೆ ಇಳಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಆ ದಿನ ಮನೆಯೇ ಸರಿ.

ಕೆನ್ನೆ, ಮೂಗಿನ ತುದಿ, ಕಿವಿ, ಬೆರಳುಗಳ ಬಣ್ಣ ಮಾಸಿ ಮೇಣದಂತಾದರೆ, ಜೋಮು ಹಿಡಿದರೆ ಕೂಡಲೇ ಒಳಗೆ ಬರಬೇಕು. ಉಜ್ಜಬಾರದು, ಹಿಮ ಸವರಬಾರದು, ಹೀಟರಿಗೆ ಹಿಡಿಯಬಾರದು. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ಕಾಯಬೇಕು. ಸ್ಪರ್ಶ ಮರಳದಿದ್ದರೆ, ಬೊಬ್ಬೆ ಎದ್ದರೆ ಆಸ್ಪತ್ರೆಗೆ ಹೋಗಬೇಕು.

ಎಲ್ಲಿಗೆ ಹೋಗಬಹುದು

ಒಳ್ಳೆಯ ಚಳಿಗಾಲದ ತಿರುಗಾಟದ ಸೂತ್ರ ಸರಳ: ಒಂದು ಗಂಟೆ ಹೊರಗೆ, ಅದಕ್ಕೆ ತೀರ ಹತ್ತಿರದಲ್ಲೊಂದು ಬೆಚ್ಚನೆಯ ಜಾಗ ಮತ್ತು ಶೌಚಾಲಯ. ಇಡೀ ದಿನದ ಯೋಜನೆಗಳು ಸಾಮಾನ್ಯವಾಗಿ ಅಳುವಿನಲ್ಲಿ ಮುಗಿಯುತ್ತವೆ.

ಮನೆ ಪಕ್ಕದ ಪಾರ್ಕೇ ಮೊದಲ ಪಾಠಶಾಲೆ. ಕೊರೆಯುವ ಚಳಿಯಲ್ಲಿ ಬಿದ್ದ ಹಿಮ ಪುಡಿಪುಡಿಯಾಗಿ ಉದುರುತ್ತದೆ, ಉಂಡೆ ಕಟ್ಟಲು ಬರುವುದಿಲ್ಲ. ಸೊನ್ನೆಯ ಸಮೀಪದ ಹಿಮ ಹದವಾಗಿ ಅಂಟುತ್ತದೆ. ಹಿಮದ ಮನುಷ್ಯನನ್ನು ಮಾಡಲು ಆ ದಿನವೇ ಸರಿ. ಇಳಿಜಾರಿನಲ್ಲಿ ಹಿಮದ ಮೇಲೆ ಜಾರುವ ಜಾರುಬಂಡಿ (ಸ್ಲೆಡ್) ಆಡಿಸುವುದಾದರೆ ಕೆಳಗೆ ಮರ, ಬೇಲಿ, ರಸ್ತೆ ಇಲ್ಲದ, ಉದ್ದಕ್ಕೆ ಬಯಲು ಇರುವ ದಿಬ್ಬ ಆರಿಸಬೇಕು. 2024ರ ಜನವರಿಯಲ್ಲಿ ಟೊರಾಂಟೊ ನಗರಾಡಳಿತ ಸುರಕ್ಷತೆಯ ಕಾರಣಕ್ಕೆ 45 ದಿಬ್ಬಗಳಲ್ಲಿ ಜಾರುಬಂಡಿ ನಿಷೇಧಿಸಿ ಫಲಕ ಹಾಕಿತು. ಆದ್ದರಿಂದ ಫಲಕ ನೋಡಿಯೇ ಇಳಿಯಬೇಕು. ಮುಖ ಮುಂದಾಗಿ ಕೂತು, ತಲೆಗೆ ಹೆಲ್ಮೆಟ್ ಹಾಕಿ ಜಾರಬೇಕು. ಮೇಲೆ ಹತ್ತುವಾಗ ಬದಿಯಿಂದ ಹತ್ತಬೇಕು.

ಸ್ಕೇಟಿಂಗಿಗೆ 1965ರಲ್ಲಿ ತೆರೆದ ಸಿಟಿ ಹಾಲ್ ಮುಂದಿನ ನೇಥನ್ ಫಿಲಿಪ್ಸ್ ಚೌಕದ ರಿಂಕ್ ಹೆಸರುವಾಸಿ. ಅಲ್ಲಿ ಆಡಲು ಶುಲ್ಕವಿಲ್ಲ, ಸ್ಕೇಟ್ ಬಾಡಿಗೆಗೆ ಸಿಗುತ್ತದೆ. ಎತ್ತರದ ಗಾರ್ಡಿನರ್ ಹೆದ್ದಾರಿಯ ಅಡಿಯಲ್ಲಿ 2018ರಲ್ಲಿ ತೆರೆದ ಬೆಂಟ್‌ವೇ ಎಂಬಲ್ಲಿ 220 ಮೀಟರ್ ಉದ್ದದ, 8ರ ಆಕಾರದಲ್ಲಿ ಸುತ್ತುವ ಮಂಜುಗಡ್ಡೆಯ ಹಾದಿಯಿದೆ. ಮೊದಲ ದಿನ ದೊಡ್ಡವರೂ ಬೀಳುತ್ತಾರೆ. ಮೊಣಕಾಲು ಬಗ್ಗಿಸಿ, ಸ್ವಲ್ಪ ಮುಂದಕ್ಕೆ ವಾಲಿ ನಿಂತರೆ ಹಿಂದಕ್ಕೆ ಬೀಳುವುದು ತಪ್ಪುತ್ತದೆ. ಕೆರೆಕುಂಟೆಗಳ ಮೇಲಿನ ಸಹಜ ಮಂಜುಗಡ್ಡೆಯ ಮೇಲೆ ಮಾತ್ರ ಮಕ್ಕಳನ್ನು ಬಿಡಬಾರದು. ಮೇಲಿಂದ ಗಟ್ಟಿಯಾಗಿ ಕಂಡರೂ ಒಂದೇ ಕೆರೆಯಲ್ಲಿ ಅದರ ದಪ್ಪ ಜಾಗದಿಂದ ಜಾಗಕ್ಕೆ ಬೇರೆಯಾಗಿರುತ್ತದೆ.

ಹಸಿರು ಕಂಡು ತಿಂಗಳಾಯಿತು ಎನಿಸಿದಾಗ ಹೋಗಬೇಕಾದ್ದು ಆಲನ್ ಗಾರ್ಡನ್ಸ್‌ಗೆ. 1910ರಲ್ಲಿ ಕಟ್ಟಿದ ಗಾಜಿನ ಗುಮ್ಮಟದ ಹಸಿರುಮನೆ ಅಲ್ಲಿದೆ, ಪ್ರವೇಶ ಉಚಿತ. ಹೊರಗೆ ಮೈನಸ್ 10 ಇರುವಾಗ ಒಳಗೆ ಬಾಳೆ, ತಾಳೆ ಜಾತಿಯ ಮರಗಳ ನಡುವೆ, ಒದ್ದೆ ಮಣ್ಣಿನ ವಾಸನೆಯಲ್ಲಿ ನಿಂತರೆ ಊರಿನ ಹಿತ್ತಿಲಿನ ನೆನಪಾಗದೆ ಇರದು. ಒಳಗೆ ಹೋದ ಕೂಡಲೇ ಕನ್ನಡಕದ ಗಾಜು ಮಂಜಾಗಿ ಒಂದೆರಡು ನಿಮಿಷ ಏನೂ ಕಾಣುವುದಿಲ್ಲ. ತೀರ ಕೆಟ್ಟ ಹವೆಯ ದಿನ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗಕ್ಕಿಂತ ಒಳ್ಳೆಯ ಜಾಗವಿಲ್ಲ. ಹೋಗಿಬರುವುದಕ್ಕೆ ನಗರದ ಬಸ್ಸು, ಮೆಟ್ರೊಗಳಲ್ಲೂ ಸುತ್ತಲಿನ ಊರುಗಳಿಗೆ ಓಡುವ ಗೋ ರೈಲಿನಲ್ಲೂ 12 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಸುಮಾರು 130 ಕಿ.ಮೀ. ದೂರದ ನಯಾಗರ ಬೇಸಿಗೆಯ ಜಾಗವೆಂದೇ ಹಲವರು ತಿಳಿದಿದ್ದಾರೆ. ಚಳಿಗಾಲದಲ್ಲಿ ದೋಣಿಗಳು ನಿಂತಿರುತ್ತವೆ, ಜನವೂ ಕಡಿಮೆ. ಜಲಪಾತದ ತುಂತುರು ಸುತ್ತಲಿನ ಮರ, ಕಂಬಿಗಳ ಮೇಲೆ ಬಿದ್ದು ಹೆಪ್ಪುಗಟ್ಟಿ ಎಲ್ಲವೂ ಗಾಜಿನಲ್ಲಿ ಎರಕ ಹೊಯ್ದಂತೆ ಕಾಣುತ್ತದೆ. ಕಾಲಡಿಯೂ ಅದೇ ಗಾಜು, ಹಾಗಾಗಿ ಕೈಯನ್ನು ಜೇಬಿನಿಂದ ಹೊರಗಿಟ್ಟು ಪುಟ್ಟ ಹೆಜ್ಜೆಯಿಡಬೇಕು. ಕಾರಿಗೆ ಚಳಿಗಾಲದ ಟೈರು ಬೇಕು. 7 ಡಿಗ್ರಿಗಿಂತ ಕೆಳಗೆ ಮಾಮೂಲು ಟೈರಿನ ರಬ್ಬರು ಪೆಡಸಾಗಿ ಹಿಡಿತ ತಪ್ಪುತ್ತದೆ. ಟ್ಯಾಂಕು ಅರ್ಧಕ್ಕಿಂತ ಖಾಲಿಯಾಗದಿರಲಿ. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಟಾರ್ಚ್, ನೀರು, ಒಂದಿಷ್ಟು ಚಕ್ಕುಲಿಯೋ ಅವಲಕ್ಕಿಯೋ ಇರಲಿ. ಹಿಮದಲ್ಲಿ ಸಿಕ್ಕಿಬಿದ್ದರೆ ಕಾರಿನಿಂದ ಇಳಿದು ನಡೆಯಬಾರದು. ಎಂಜಿನ್ ಹಚ್ಚುವ ಮೊದಲು ಹೊಗೆ ಕೊಳವೆಯ ಬಾಯಿಗೆ ಕಟ್ಟಿದ ಹಿಮವನ್ನು ತೆಗೆಯಬೇಕು.

ಹಿಮಗಾಲದ ಕೊನೆಯ ತಿರುಗಾಟ ಮಾರ್ಚಿನಲ್ಲಿ. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಮೇಲೆ ಇರುವ ಕೆಲವೇ ವಾರ ಮೇಪಲ್ ಮರಗಳಲ್ಲಿ ಸಿಹಿರಸ ಹರಿಯುತ್ತದೆ. ಅದನ್ನು ಕುದಿಸಿ ಪಾಕ ಮಾಡುವುದು ಯುರೋಪಿನವರು ಬರುವ ಮುಂಚೆಯೇ ಇಲ್ಲಿನ ಮೂಲನಿವಾಸಿಗಳು ಕಂಡುಕೊಂಡಿದ್ದ ವಿದ್ಯೆ. ವಾನ್ ಊರಿನ ಕೊರ್ಟ್‌ರೈಟ್ ಸೆಂಟರ್, ಓಕ್‌ವಿಲ್ ಬಳಿಯ ಬ್ರಾಂಟಿ ಕ್ರೀಕ್ ಉದ್ಯಾನಗಳಲ್ಲಿ ಇದನ್ನು ನೋಡಬಹುದು. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ ಬರುತ್ತದೆ. ಅದೇ ಸುಮಾರಿಗೆ ಮಲೆನಾಡಿನ ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಜೋನಿ ಬೆಲ್ಲವಾಗುವುದನ್ನು ಕಂಡವರಿಗೆ ಆ ಹಬೆ, ಆ ಸೌದೆ ಹೊಗೆ, ನೊರೆ ತೆಗೆಯುವ ಆ ಸೌಟು ಎಲ್ಲವೂ ಪರಿಚಿತ. ಮೇಪಲ್ ಪಾಕವನ್ನು ಗಟ್ಟಿಯಾಗಿ ಕಾಯಿಸಿ ಶುಭ್ರ ಹಿಮದ ಮೇಲೆ ಸುರಿದು, ಅದು ಅಂಟಂಟಾಗುತ್ತಿದ್ದಂತೆ ಕಡ್ಡಿಗೆ ಸುತ್ತಿ ಮಕ್ಕಳ ಕೈಗೆ ಕೊಡುತ್ತಾರೆ. ಅದನ್ನು ತಿನ್ನಲು ಮಿಟನ್ ಬಿಚ್ಚಬೇಕಾಗುತ್ತದೆ. ಅಷ್ಟು ಹೊತ್ತಿಗೆ ಹೊರಗೆ ಬರಿಗೈಯಲ್ಲಿ ನಿಲ್ಲುವಷ್ಟು ಬಿಸಿಲೂ ಬಂದಿರುತ್ತದೆ.